ಯಮನ ಮುಖ ಬಿಡಿಸದೆ ಬಿಟ್ಟ ಚಿತ್ರ: ತೊಳೆಯಬೇಕೆ, ತುಂಬಿಸಬೇಕೆ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆ. ನಮ್ಮ ಅಜ್ಜನ ತಮ್ಮ, ನಾವೆಲ್ಲ ಚಿಕ್ಕಜ್ಜ ಎನ್ನುತ್ತಿದ್ದವರು, 1950ರ ದಶಕದಲ್ಲಿ ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರಕಲೆ ಕಲಿತವರು. ಮುಂದೆ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ರಟ್ಟಿನ ಮೇಲೆ ಬರೆದ ಒಂದೇ ಒಂದು ಎಣ್ಣೆ ಬಣ್ಣದ ಚಿತ್ರ ನಮ್ಮಲ್ಲಿ ಉಳಿದಿದೆ. ಅಗಲ 18 ಇಂಚು, ಎತ್ತರ 14 ಇಂಚು. ಸಾವಿತ್ರಿ ಯಮನ ಮುಂದೆ ಕೈಮುಗಿದು ನಿಂತಿದ್ದಾಳೆ, ಸತ್ಯವಾನ ಕೆಳಗೆ ಬಿದ್ದಿದ್ದಾನೆ. ಯಮನಿಗೆ ಮುಖವೇ ಇಲ್ಲ, ಬರೀ ಕಂದು ಬಣ್ಣದ ಒಂದು ತೇಪೆ. ಹಿಂದೆ ಪೆನ್ಸಿಲಿನಲ್ಲಿ ‘ಸಾವಿತ್ರಿ, 3ನೇ ಅಂಕ’ ಎಂದಿದೆ. ಚಿತ್ರದ ಮೇಲೆ ಯಾರೋ ಮಕ್ಕಳು ಚೌಕ ಚೌಕ ಗೆರೆ ಎಳೆದಿದ್ದಾರೆ. ಗಾಜಿಲ್ಲದ ಫ್ರೇಮಿನಲ್ಲಿ ವರ್ಷಗಟ್ಟಲೆ ಅಡುಗೆಮನೆಯ ಒಲೆಯ ಪಕ್ಕದ ಗೋಡೆಯಲ್ಲಿತ್ತು. ಈಗ ಎಲ್ಲ ಕಂದಾಗಿದೆ, ಅಲ್ಲಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬಂದಿದೆ, ಸಾವಿತ್ರಿಯ ಸೀರೆಯ ಹತ್ತಿರ ಬಣ್ಣ ಚಕ್ಕೆ ಏಳುತ್ತಿದೆ. ಆಲೂಗಡ್ಡೆ ಹೋಳಿನಿಂದ ಉಜ್ಜಿ ಅಂತ ಒಬ್ಬರು, ಕೊಬ್ಬರಿ ಎಣ್ಣೆ ಸವರಿ ಅಂತ ಇನ್ನೊಬ್ಬರು. ಫ್ರೇಮ್ ಹಾಕುವ ಅಂಗಡಿಯವರು ಸೋಪು ನೀರಲ್ಲಿ ಒರೆಸಿ ವಾರ್ನಿಷ್ ಹೊಡೆದು ಕೊಡುತ್ತೇವೆ ಎನ್ನುತ್ತಾರೆ. ಪರಿಚಯದ ಕಲಾವಿದರೊಬ್ಬರು ಯಮನ ಮುಖವನ್ನೂ ಬರೆದು ಮುಗಿಸುತ್ತಾರಂತೆ. ಇದು ಅಪ್ಪಚ್ಚ ಕವಿಗಳ ನಾಟಕದ ದೃಶ್ಯ ಎಂದು ಅತ್ತೆಯವರು ಹೇಳುತ್ತಾರೆ, ನಿಜವೇ? ಹುತ್ತರಿ ಹಬ್ಬಕ್ಕೆ ಕುಟುಂಬದವರೆಲ್ಲ ಸೇರುವಾಗ ಇದನ್ನು ಸರಿಮಾಡಿಸಿ ತೂಗುಹಾಕುವ ಆಸೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು. ಅವುಗಳ ಹಿಂದಿರುವ ಆತಂಕ ಒಂದೇ: ಈ ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರ ಹಾಳಾದೀತು, ಬೇಗ ಏನಾದರೂ ಮಾಡಬೇಕು ಎಂಬುದು. ನಿಜವಾಗಿ ಅವಸರದ ಕೆಲಸ ಒಂದೇ ಇದೆ. ಚಿತ್ರ ಇನ್ನೂ ಒಲೆಯ ಪಕ್ಕದಲ್ಲೇ ಇದ್ದರೆ ಇವತ್ತೇ ಇಳಿಸಿ. ಬಣ್ಣದ ಮುಖ ಮೇಲೆ ಮಾಡಿ, ಅಡ್ಡಡ್ಡ ಹಿಡಿದು ಒಯ್ದು, ಒಳಕೋಣೆಯ ಮೇಜಿನ ಮೇಲೆ ಮಲಗಿಸಿ. ನಿಲ್ಲಿಸಿದರೆ ಎದ್ದ ಚಕ್ಕೆ ಉದುರುತ್ತದೆ. ಉದುರಿದ ಚಕ್ಕೆ ಸಿಕ್ಕರೆ ಎಸೆಯಬೇಡಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಉಳಿದ ಕೆಲಸಗಳೆಲ್ಲ ಕಾಯಬಹುದು. ಆಲೂಗಡ್ಡೆ, ಎಣ್ಣೆ, ಸೋಪು, ವಾರ್ನಿಷ್, ಯಮನ ಮುಖ, ಇವು ಐದೂ ಬೇಡ. ಯಾಕೆ ಬೇಡ ಎನ್ನುವುದು ತಿಳಿಯಬೇಕಾದರೆ ಈ ಚಿತ್ರ ಏನು, ಹೇಗೆ ಮಾಡಿದ್ದು ಎನ್ನುವುದು ಮೊದಲು ತಿಳಿಯಬೇಕು.

ನೀವು ಕಳಿಸಿದ ಫೋಟೋ ನೋಡಿದರೆ ಇದು ಅರ್ಧಕ್ಕೆ ಬಿಟ್ಟ ಚಿತ್ರ ಅನ್ನಿಸುವುದಿಲ್ಲ. ಇದು ಎಣ್ಣೆ ಬಣ್ಣದ ಕರಡು. ದೊಡ್ಡ ಚಿತ್ರಕ್ಕೆ ಕೈಹಾಕುವ ಮೊದಲು ಯಾರು ಎಲ್ಲಿ ನಿಲ್ಲಬೇಕು, ಬೆಳಕು ಎಲ್ಲಿಂದ ಬೀಳಬೇಕು, ಯಾವ ಬಣ್ಣ ಎದ್ದು ಕಾಣಬೇಕು ಎಂದು ಸಣ್ಣ ಅಳತೆಯಲ್ಲಿ ಬೇಗ ಬೇಗ ಬರೆದು ನೋಡುವ ಪದ್ಧತಿ ಇದು. ಯುರೋಪಿನ ಹಳೆಯ ಚಿತ್ರಕಾರರಲ್ಲಿ ರೂಬೆನ್ಸ್ ಸಣ್ಣ ಓಕ್ ಹಲಗೆಗಳ ಮೇಲೆ ಇಂಥ ಕರಡು ಬರೆಯುತ್ತಿದ್ದ, ಕಾನ್‌ಸ್ಟೆಬಲ್ ಕಾಗದದ ಮೇಲೂ ಬರೆದ. ಮದರಾಸು (1850), ಕಲ್ಕತ್ತಾ (1854), ಮುಂಬಯಿ (1857) ಕಲಾಶಾಲೆಗಳ ಮೂಲಕ ಯುರೋಪಿನ ಅಭ್ಯಾಸಕ್ರಮ ನಮ್ಮ ಕಡೆಗೂ ಬಂತು. ಮೈಸೂರಿನಲ್ಲಿ ಕಲಿತ ಹುಡುಗನೊಬ್ಬ ನಾಟಕದ ದೃಶ್ಯವನ್ನು ಹೀಗೆ ಹಿಡಿಯಲು ನೋಡಿದ್ದು ಸಹಜವೇ. ನಾಟಕ ಎಳೆಯ ಚಿತ್ರಕಾರರನ್ನು ಮೊದಲಿಂದಲೂ ಸೆಳೆದಿದೆ. ಅದರಲ್ಲಿ ಭಂಗಿ ಇದೆ, ಬೆಳಕಿದೆ, ಇಬ್ಬರ ನಡುವಿನ ಸೆಣಸಾಟವಿದೆ. ಒಮ್ಮೆ ಹಿಡಿಸಿದ ದೃಶ್ಯ ಸುಲಭಕ್ಕೆ ಬಿಡುವುದಿಲ್ಲ. ಫ್ರಾನ್ಸಿನ ಚಿತ್ರಕಾರ ದೆಲಕ್ರುವಾ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಸ್ಮಶಾನದ ದೃಶ್ಯವನ್ನು ಮತ್ತೆ ಮತ್ತೆ ಬರೆದ. 1839ರಲ್ಲಿ ಬರೆದದ್ದು ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ.

ಈಗ ಆ ಚೌಕಗಳ ವಿಷಯ. ದಯವಿಟ್ಟು ರಬ್ಬರ್ ಹಾಕಿ ಅಳಿಸಲು ಹೋಗಬೇಡಿ. ಅಂಚಿನಿಂದ ಅಂಚಿಗೆ ಒಂದೇ ಅಳತೆಯಲ್ಲಿ, ಸ್ಕೇಲ್ ಇಟ್ಟು ಎಳೆದ ಗೆರೆಗಳು ಅವು. ಮಕ್ಕಳ ಕೈಯಲ್ಲಿ ಅಷ್ಟು ನೇರ ಬರುವುದಿಲ್ಲ. ಸಣ್ಣ ಚಿತ್ರವನ್ನು ದೊಡ್ಡದು ಮಾಡಲು ಚಿತ್ರಕಾರರು ಹೀಗೆ ಚೌಕ ಹಾಕಿಕೊಂಡು, ಒಂದೊಂದು ಚೌಕದಲ್ಲಿ ಇರುವುದನ್ನು ದೊಡ್ಡ ಬಟ್ಟೆಯ ಮೇಲಿನ ಚೌಕಕ್ಕೆ ಸಾಗಿಸುತ್ತಿದ್ದರು. ಎಂದರೆ ನಿಮ್ಮ ಚಿಕ್ಕಜ್ಜ ಈ ಕರಡಿನಿಂದ ದೊಡ್ಡದೊಂದು ಚಿತ್ರವನ್ನೋ ನಾಟಕದ ಪರದೆಯನ್ನೋ ಮಾಡುವ ಯೋಚನೆಯಲ್ಲಿದ್ದರು, ಮಾಡಿರಲೂಬಹುದು. ಕುಟುಂಬದ ಹಿರಿಯರನ್ನು, ಅವರು ಕೆಲಸ ಮಾಡಿದ ಶಾಲೆಗಳನ್ನು ವಿಚಾರಿಸಿ. ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಈ ಗೆರೆಗಳೇ.

ಇನ್ನು ಆ ಕಂದು ಬಣ್ಣ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ‘ಎಲ್ಲ ಕಂದಾಗಿದೆ’ ಎಂದು ನೀವು ಬರೆದಿದ್ದೀರಿ. ಆ ಕಂದಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಮೊದಲನೆಯದು ಒಲೆಯ ಹೊಗೆ: ಮಸಿಯೂ ಅಡುಗೆಯ ಜಿಡ್ಡೂ ಕೂಡಿಕೊಂಡು ಮೇಲೆ ಕೂತ ಪದರ. ಎರಡನೆಯದು ಬಣ್ಣದೊಳಗಿನ ಎಣ್ಣೆಯೇ ಹಳದಿಗಟ್ಟಿದ್ದು. ಅಗಸೆ ಎಣ್ಣೆ ಕತ್ತಲಲ್ಲಿ ಇದ್ದಷ್ಟೂ ಹಳದಿಯಾಗುತ್ತದೆ, ಸಾಧಾರಣ ಬೆಳಕಿನಲ್ಲಿಟ್ಟರೆ ತಾನಾಗಿಯೇ ಒಂದಿಷ್ಟು ತಿಳಿಯಾಗುತ್ತದೆ. ಮೂರನೆಯದು ಚಿತ್ರಕಾರನೇ ಬಳಿದ ಕಂದು. ಕರಡು ಬರೆಯುವವರು ಬಿಳಿ ರಟ್ಟಿನ ಮೇಲೆ ನೇರ ಶುರುಮಾಡುವುದಿಲ್ಲ. ಅಂಬರ್ ಅಥವಾ ಸಿಯೆನ್ನಾ ಎಂಬ ಮಣ್ಣಿನ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಇಡೀ ರಟ್ಟಿಗೆ ಬಳಿದು, ಅದರ ಮೇಲೆ ಬೆಳಕಿರುವ ಜಾಗಕ್ಕಷ್ಟೇ ದಪ್ಪ ಬಣ್ಣ ಇಡುತ್ತಾರೆ. ನೆರಳಿರುವಲ್ಲಿ ಆ ತಳಬಣ್ಣವನ್ನೇ ಹಾಗೇ ಬಿಡುತ್ತಾರೆ. ನಿಮ್ಮ ಯಮನ ಮುಖ ಬಹುಶಃ ಹಾಗೆ ಬಿಟ್ಟ ತಳಬಣ್ಣ.

ಎಣ್ಣೆ ಕಮ್ಮಿ, ಟರ್ಪೆಂಟೈನ್ ಜಾಸ್ತಿ ಇರುವ ಆ ತಳಪದರ ತೀರಾ ದುರ್ಬಲ. ಸಾಲದ್ದಕ್ಕೆ ರಟ್ಟು ಇದ್ದ ಎಣ್ಣೆಯನ್ನೂ ಹೀರಿಕೊಂಡಿರುತ್ತದೆ. ಒದ್ದೆ ಹತ್ತಿ ತಾಗಿದರೆ ಸಾಕು, ಹೊಗೆಗಿಂತ ಮೊದಲು ಅದೇ ಎದ್ದು ಬರುತ್ತದೆ. ಹತ್ತಿ ಕಂದಾದದ್ದು ನೋಡಿ ‘ಆಹಾ, ಕೊಳೆ ಹೋಗುತ್ತಿದೆ’ ಎಂದು ಇನ್ನಷ್ಟು ಉಜ್ಜುತ್ತಾರೆ. ಕೊನೆಗೆ ಉಳಿಯುವುದು ಬೋಳು ರಟ್ಟಿನ ಮೇಲೆ ತೇಲುವ ಒಂದಷ್ಟು ಬಿಳಿ ತೇಪೆಗಳು. ಮನೆಯಲ್ಲಿ ಪ್ರೀತಿಯಿಂದ ತೊಳೆದು ನನ್ನ ಬಳಿ ತಂದ ಕರಡುಗಳಲ್ಲಿ ಈ ಹಾನಿಯನ್ನೇ ಹೆಚ್ಚಾಗಿ ಕಂಡಿದ್ದೇನೆ. ಇದಕ್ಕೆ ಪರಿಹಾರವೇ ಇಲ್ಲ. ಬೂಷ್ಟನ್ನು ತೆಗೆಯಬಹುದು, ಚಕ್ಕೆಯನ್ನು ಕೂರಿಸಬಹುದು, ಅಳಿಸಿಹೋದ ತಳಬಣ್ಣವನ್ನು ಮರಳಿ ತರಲಾಗದು.

ನಿಮ್ಮ ಕಂದು ಯಾವುದು ಎಂದು ತಿಳಿಯಲು ಚಿತ್ರವನ್ನು ಮುಟ್ಟದೆಯೇ ಒಂದು ದಾರಿ ಇದೆ. ಫ್ರೇಮಿನ ಅಂಚು ಚಿತ್ರದ ನಾಲ್ಕೂ ಬದಿಯನ್ನು ಕಾಲಿಂಚಿನಷ್ಟು ಮುಚ್ಚಿರುತ್ತದೆ. ಅಲ್ಲಿಗೆ ಹೊಗೆ ತಲುಪಿರುವುದಿಲ್ಲ. ಮುಂದೆ ಫ್ರೇಮ್ ಬಿಚ್ಚುವಾಗ ಆ ಅಂಚನ್ನು ಹಗಲು ಬೆಳಕಿನಲ್ಲಿ ನೋಡಿ. ಅಲ್ಲೂ ಬೆಚ್ಚನೆಯ ಕಂದು ಇದ್ದರೆ ಅದು ಚಿಕ್ಕಜ್ಜ ಬಳಿದದ್ದು. ಅಂಚು ತಿಳಿಯಾಗಿದ್ದು ಒಳಗಡೆ ಮಾತ್ರ ಬೂದು ಮಿಶ್ರಿತ ಕಪ್ಪು ಇದ್ದರೆ ಆ ವ್ಯತ್ಯಾಸವಷ್ಟೇ ಹೊಗೆಯದು. ನನ್ನ ಅಂದಾಜಿನಲ್ಲಿ ನಿಮ್ಮಲ್ಲಿ ಎರಡೂ ಇವೆ.

ಬಿಳಿ ಹಿಟ್ಟಿನ ವಿಚಾರಕ್ಕೆ ಬರೋಣ. ಕೊಡಗಿನಲ್ಲಿ ಬಿಳಿ ಕಂಡರೆ ಎಲ್ಲರೂ ಬೂಷ್ಟು ಎಂದೇ ತೀರ್ಮಾನಿಸುತ್ತಾರೆ, ಹೆಚ್ಚಿನ ಸಲ ಅದು ಸರಿಯೂ ಹೌದು. ಗಾಳಿಯ ತೇವಾಂಶ ಶೇ. 65ನ್ನು ದಾಟಿ ಹಲವು ದಿನ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಕಕ್ಕಡದಲ್ಲಿ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ನಿಮ್ಮ ಕಡೆಯ ಮನೆಯೊಳಗೆ ಅದು ಶೇ. 90ರ ಆಸುಪಾಸು ಇದ್ದರೆ ಆಶ್ಚರ್ಯವಿಲ್ಲ. ಆದರೆ ಹಳೆಯ ಎಣ್ಣೆ ಬಣ್ಣದಿಂದ ಕೊಬ್ಬಿನಾಮ್ಲ ಮೇಲಕ್ಕೆ ಬಂದು ಬಿಳಿ ಪುಡಿಯಾಗಿ ಕೂರುವುದೂ ಉಂಟು. ಭೂತಗನ್ನಡಿಯಲ್ಲಿ ನೋಡಿ. ಬೂಷ್ಟಾದರೆ ಕೂದಲೆಳೆಯಂಥ ನಾರು, ದುಂಡಗಿನ ಮಚ್ಚೆ, ಮುಗ್ಗಲು ವಾಸನೆ ಇರುತ್ತದೆ. ಅದು ಬಣ್ಣದ ಗಡಿ ನೋಡಿಕೊಂಡು ಬೆಳೆಯುವುದಿಲ್ಲ, ರಟ್ಟಿನ ಹಿಂಬದಿಯಲ್ಲೂ ಇರುತ್ತದೆ. ಕೊಬ್ಬಿನಾಮ್ಲದ ಪುಡಿಯಾದರೆ ಒಂದೇ ಬಣ್ಣದ ಮೇಲೆ, ಹೆಚ್ಚಾಗಿ ಗಾಢ ಬಣ್ಣದ ಮೇಲೆ, ಆ ಬಣ್ಣದ ಆಕಾರದಲ್ಲೇ ಕಾಣುತ್ತದೆ. ನಿಮ್ಮ ಫೋಟೋದಲ್ಲಿ ಯಮನ ಕೋಣದ ಕಪ್ಪಿನ ಮೇಲೆ ಕಾಣುವ ಬಿಳಿ ನನಗೆ ಈ ಎರಡನೆಯ ಬಗೆಯದಿರಬಹುದು ಅನ್ನಿಸಿತು. ಮೇಲಿನ ಎಡಮೂಲೆಯದು ಬೂಷ್ಟೇ.

ಸಾವಿತ್ರಿಯ ಸೀರೆ ಚಕ್ಕೆ ಏಳುವುದಕ್ಕೆ ಎರಡು ಕಾರಣ ಸೇರಿಕೊಂಡಿರಬಹುದು. ಒಂದು, ಸೀರೆಗೆ ಬಳಿದ ಬಿಳಿ ಬಣ್ಣ ಜಿಂಕ್ ವೈಟ್ (ಸತುವಿನ ಬಿಳಿ) ಆಗಿದ್ದರೆ, ವರ್ಷ ಕಳೆದಂತೆ ಅದು ಗಡುಸಾಗಿ, ಪೆಡಸಾಗಿ, ತಳದ ಹಿಡಿತ ಬಿಡುತ್ತದೆ. ಇನ್ನೊಂದು ರಟ್ಟು. ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇಲಿನ ಗಡುಸು ಬಣ್ಣಕ್ಕೆ ಹಾಗೆ ಹಿಗ್ಗಿ ಕುಗ್ಗಲು ಬರುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಲೆಯ ಪಕ್ಕದಲ್ಲಿದ್ದ ಚಿತ್ರಕ್ಕಂತೂ ಹಗಲು ಬಿಸಿ, ರಾತ್ರಿ ಥಂಡಿ, ದಿನವೂ ಇದೇ ಎಳೆದಾಟ. ಮಳೆಗಾಲದಲ್ಲಿ ಒಲೆಯ ಶಾಖ ವಸ್ತುಗಳನ್ನು ಕಾಪಾಡುತ್ತದೆ ಎಂಬ ನಂಬಿಕೆ ಸೌದೆಗೆ, ಬುಟ್ಟಿಗೆ ಸರಿ. ಚಿತ್ರಕ್ಕೆ ಅದು ಒಳ್ಳೆಯದು ಮಾಡಲಿಲ್ಲ.

ಈಗ ಮನೆಮದ್ದುಗಳು. ಆಲೂಗಡ್ಡೆಯಿಂದ ಕೊಳೆ ಒಂದಿಷ್ಟು ಬಿಡುತ್ತದೆ, ನಿಜ. ಅದರಲ್ಲಿ ಕೆಲಸ ಮಾಡುವುದು ನೀರು. ಉಳಿದುಹೋಗುವ ಪಿಷ್ಟ ಮುಂದಿನ ಮಳೆಗಾಲದ ಬೂಷ್ಟಿಗೆ ಆಹಾರ. ಈರುಳ್ಳಿಯದೂ ಅದೇ ಕಥೆ. ಕೊಬ್ಬರಿ ಎಣ್ಣೆ ಸವರಿದ ದಿನ ಬಣ್ಣ ಹೊಳೆದು ಎಲ್ಲರಿಗೂ ಖುಷಿಯಾಗುತ್ತದೆ. ಆದರೆ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುವ ಜಾತಿಯದು, ಕೊಬ್ಬರಿ ಎಣ್ಣೆ ಎಂದಿಗೂ ಹಾಗೆ ಒಣಗುವುದಿಲ್ಲ. ಬಿರುಕಿನಲ್ಲಿ ಇಳಿದು ರಟ್ಟು ಸೇರುತ್ತದೆ, ಧೂಳು ಹಿಡಿಯುತ್ತದೆ, ಆಮೇಲೆ ಚಕ್ಕೆ ಕೂರಿಸುವ ಅಂಟೂ ಹಿಡಿಯದಂತೆ ಮಾಡುತ್ತದೆ. ಸೋಪಿನ ಕ್ಷಾರ ಎಣ್ಣೆ ಬಣ್ಣವನ್ನೇ ಸಡಿಲಿಸುತ್ತದೆ, ನೀರು ರಟ್ಟನ್ನು ಉಬ್ಬಿಸುತ್ತದೆ. ಪೀಠೋಪಕರಣಕ್ಕೆ ಹೊಡೆಯುವ ವಾರ್ನಿಷ್ ಎಲ್ಲಕ್ಕಿಂತ ಕೆಟ್ಟದ್ದು: ಹೊಗೆಯನ್ನೂ ಬೂಷ್ಟನ್ನೂ ಒಳಗೇ ಮುಚ್ಚುತ್ತದೆ, ಕೆಲವೇ ವರ್ಷದಲ್ಲಿ ಹಳದಿಯಾಗುತ್ತದೆ, ತೆಗೆಯಲು ಹೋದರೆ ಬಣ್ಣವೂ ಜೊತೆಗೆ ಬರುತ್ತದೆ. ಅಂಗಡಿಯವರು ಮೋಸ ಮಾಡುವವರೆಂದಲ್ಲ, ಅವರಿಗೆ ಗೊತ್ತಿರುವುದು ಫೋಟೋ ಮತ್ತು ಪ್ರಿಂಟು.

ಕಾಫಿ ಕಣದಲ್ಲಿ ಬಿಸಿಲಿಗೆ ಇಡಿ ಎನ್ನುವವರೂ ನಿಮಗೆ ಸಿಗುತ್ತಾರೆ. ತೇವ ಹಿಡಿದ ರಟ್ಟು ಬಿಸಿಲಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಎದ್ದ ಚಕ್ಕೆಗಳೆಲ್ಲ ಸಿಡಿಯುತ್ತವೆ. ಕಪಾಟಿನಲ್ಲಿ ನುಸಿಗುಳಿಗೆ ಹಾಕಿ ಪ್ರಯೋಜನವಿಲ್ಲ, ಅದು ಹುಳುವಿಗೆ, ಬೂಷ್ಟಿಗಲ್ಲ. ಉಗುಳು ಹಚ್ಚಿದ ಹತ್ತಿಯಿಂದ ಒರೆಸಬಹುದು ಎಂದು ನೀವು ಎಲ್ಲೋ ಓದಿರಬಹುದು. ಅದು ಸುಳ್ಳಲ್ಲ, ಹಳೆಯ ಚಿತ್ರಗಳನ್ನು ಸರಿಪಡಿಸುವ ಸಂರಕ್ಷಕರು ಇವತ್ತಿಗೂ ಮಾಡುತ್ತಾರೆ, ಬಾಯಿಯ ನೀರಿನಲ್ಲಿರುವ ಕಿಣ್ವಗಳು ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತವೆ. ಆದರೆ ಅದು ಗಟ್ಟಿಯಾದ, ಮೊದಲೇ ಪರೀಕ್ಷಿಸಿ ನೋಡಿದ ಪದರಕ್ಕೆ. ಮೇಲೆ ಹೇಳಿದ ತಳಬಣ್ಣಕ್ಕೆ ಅದೂ ಒದ್ದೆಯೇ.

ಯಮನ ಮುಖ ಬರೆದು ಮುಗಿಸುವ ವಿಚಾರದಲ್ಲಿ ನನ್ನ ಅಭಿಪ್ರಾಯ ಖಂಡಿತ. ಬೇಡ. ನಿಮ್ಮ ಪರಿಚಯದವರು ಎಷ್ಟೇ ಒಳ್ಳೆಯ ಕಲಾವಿದರಾಗಿರಲಿ, ಬೇಡ. ಅವರು ಬರೆದರೆ ಅದು ಅವರ ಯಮ. ಹತ್ತೊಂಬತ್ತರ ಹುಡುಗ ಇಲ್ಲಿ ಏನು ಹುಡುಕುತ್ತಿದ್ದ ನೋಡಿ: ಸಾವಿತ್ರಿಯ ಮುಖ, ಕೈ, ಸೀರೆಯ ಅಂಚು ಇಷ್ಟಕ್ಕೆ ಮಾತ್ರ ದಪ್ಪ ಬಣ್ಣ ಇಟ್ಟಿದ್ದಾನೆ. ಯಮನನ್ನು ಕತ್ತಲಾಗಿ ಬಿಟ್ಟು ಇವಳನ್ನು ಬೆಳಕಿಗೆ ತಂದಿದ್ದಾನೆ. ಅಲ್ಲಿ ಈಗ ಮೀಸೆ, ಕೆಂಪು ಕಣ್ಣು ಬಂದು ಕೂತರೆ ನೋಟವೆಲ್ಲ ಅತ್ತ ಹೋಗುತ್ತದೆ, ಅವನು ಕಟ್ಟಿದ ದೃಶ್ಯ ಬಿದ್ದುಹೋಗುತ್ತದೆ. ಆ ಕಲಾವಿದರಿಗೆ ಆಸೆಯಿದ್ದರೆ ಬೇರೊಂದು ಕ್ಯಾನ್ವಾಸಿನ ಮೇಲೆ ಇದೇ ಚೌಕಗಳನ್ನು ಅನುಸರಿಸಿ ದೊಡ್ಡ ಚಿತ್ರ ಬರೆಯಲಿ. ಅದು ಒಳ್ಳೆಯ ಕೆಲಸ, ಚಿಕ್ಕಜ್ಜನಿಗೂ ಗೌರವ.

ನಾಟಕದ ಪ್ರಶ್ನೆ. ಇದು ರಂಗದ ಮೇಲಿನ ದೃಶ್ಯ ಎನ್ನಲು ಗಟ್ಟಿ ಆಧಾರವಿದೆ. ಪುರಾಣದ ಚಿತ್ರಕ್ಕೆ ‘3ನೇ ಅಂಕ’ ಎಂದು ಯಾರೂ ಬರೆಯುವುದಿಲ್ಲ. ಸಾವಿತ್ರಿಯ ಗಲ್ಲದ ಕೆಳಗೆ, ಮೂಗಿನ ಕೆಳಭಾಗದಲ್ಲಿ ಹಳದಿ ಬೆಳಕಿದೆ. ಕಾಡಿನಲ್ಲಿ ಬೆಳಕು ನೆಲದಿಂದ ಬರುವುದಿಲ್ಲ, ರಂಗದ ಮುಂಭಾಗದಲ್ಲಿ ಇಟ್ಟ ದೀಪಗಳಿಂದ ಬರುತ್ತದೆ. ರವಿವರ್ಮನ ಮುದ್ರಣಾಲಯ 1894ರಲ್ಲಿ ಶುರುವಾದ ಮೇಲೆ ಪುರಾಣದ ಪಟಗಳು ಮನೆಮನೆ ಸೇರಿದ್ದವು. ಅಂಥ ಪಟ ನೋಡಿ ನಕಲು ಮಾಡಿದವರು ಈ ಕೆಳಬೆಳಕನ್ನು ತರುವುದು ಅಪರೂಪ. ಹುಡುಗ ನಾಟಕ ನೋಡಿಯೇ ಬರೆದಿದ್ದಾನೆ ಎಂದು ನಾನು ನಂಬುತ್ತೇನೆ. ಯಾವ ನಾಟಕ? ಹರದಾಸ ಅಪ್ಪಚ್ಚ ಕವಿಗಳು (1868–1944) ಕೊಡವ ಭಾಷೆಯಲ್ಲಿ ಬರೆದ ನಾಲ್ಕು ನಾಟಕಗಳಲ್ಲಿ ಸಾವಿತ್ರಿಯದೂ ಒಂದು, ಆದ್ದರಿಂದ ನಿಮ್ಮ ಅತ್ತೆಯವರ ಮಾತು ಸಾಧ್ಯತೆಯ ಒಳಗೇ ಇದೆ. ಆದರೆ ಮೈಸೂರಿನಲ್ಲಿ ಓದುತ್ತಿದ್ದವರು ಕಂಪನಿ ನಾಟಕದಲ್ಲಿ ಸಾವಿತ್ರಿಯನ್ನು ನೋಡಿರಲೂಬಹುದು, ಆ ಕಥೆ ಎಲ್ಲರ ಕೈಯಲ್ಲೂ ಇತ್ತು. ಚಿತ್ರವೊಂದನ್ನೇ ನೋಡಿ ಇದನ್ನು ತೀರ್ಮಾನಿಸಬಾರದು. ಸಾವಿತ್ರಿ ಸೀರೆ ಉಟ್ಟ ಬಗೆ ನೋಡಿ: ನೆರಿಗೆ ಹಿಂದಕ್ಕೆ ಬಂದಿದೆಯೋ ಮುಂದಕ್ಕೋ? ನೆರಿಗೆ ಹಿಂದಿದ್ದು ಸೆರಗು ಬಲ ಭುಜದ ಮೇಲೆ ಬಂದಿದ್ದರೆ ಅತ್ತೆಯವರ ಪಕ್ಷಕ್ಕೆ ಬಲ ಬರುತ್ತದೆ. ಸದ್ಯಕ್ಕೆ ಹೊಗೆಯ ಕೆಳಗೆ ನನಗದು ಕಾಣಲಿಲ್ಲ. ಅತ್ತೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ದಿನಾಂಕ ಹಾಕಿ ಬರೆದಿಡಿ. ಚಿತ್ರದ ಹಿಂಬದಿಯಲ್ಲಿ ಬರೆಯಬೇಡಿ, ಬೇರೆ ಹಾಳೆಯಲ್ಲಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಏನೂ ಮಾಡದೆ ಸುರಕ್ಷಿತವಾಗಿಡುವುದೇ ಮೊದಲನೆಯದು, ಇದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಮನೆಯ ನಡುವಿನ, ಹೊರಗೋಡೆಗೆ ತಾಗದ ಕೋಣೆ ಆರಿಸಿ. ಆನ್‌ಲೈನಿನಲ್ಲಿ ಸಿಗುವ ಸಣ್ಣ ಹೈಗ್ರೋಮೀಟರ್ ತಂದಿಡಿ, ಅಂಕಿ ನೋಡದೆ ತೇವದ ಅಂದಾಜು ಸಿಗುವುದಿಲ್ಲ. ಬಟ್ಟೆಯ ಕಪಾಟಿನಲ್ಲಿ ಬಲ್ಬ್ ಉರಿಸುವ ನಿಮ್ಮ ಕಡೆಯ ಪದ್ಧತಿ ಒಳ್ಳೆಯದೇ, ಆದರೆ ಅದು ಹಳೆಯ ಫಿಲಮೆಂಟ್ ಬಲ್ಬಿನ ಶಾಖದಿಂದ ನಡೆಯುತ್ತಿತ್ತು. ಎಲ್ಇಡಿ ಹಾಕಿದವರಿಗೆ ಬೆಳಕು ಸಿಗುತ್ತದೆಯೇ ಹೊರತು ಕಪಾಟು ಒಣಗುವುದಿಲ್ಲ. ಸಣ್ಣ ವಾಟಿನ ಹಳೆಯ ಬಲ್ಬನ್ನು ಒಂದು ಮೂಲೆಯಲ್ಲಿಟ್ಟು, ಚಿತ್ರವನ್ನು ಇನ್ನೊಂದು ತುದಿಯಲ್ಲಿ ಮಲಗಿಸಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೆವರುತ್ತದೆ. ಈ ದಾರಿಯಲ್ಲಿ ಅಪಾಯ ಕಡಿಮೆ, ಆದರೆ ಚಿತ್ರ ಕಂದಾಗಿಯೇ ಇರುತ್ತದೆ, ಸಡಿಲ ಚಕ್ಕೆಗಳ ಭಯವೂ ಉಳಿಯುತ್ತದೆ.

ಮನೆಯಲ್ಲೇ ಸ್ವಲ್ಪ ಕೆಲಸ ಮಾಡಲೇಬೇಕು ಅನ್ನಿಸಿದರೆ ಜನವರಿ, ಫೆಬ್ರವರಿಯವರೆಗೆ ಕಾಯಿರಿ. ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ, ಎನ್95 ಮಾಸ್ಕ್ ಹಾಕಿಕೊಂಡು, ಹೊರಗೆ ನೆರಳಲ್ಲಿ, ಮೆತ್ತನೆ ಬ್ರಷ್‌ನಿಂದ ಫ್ರೇಮನ್ನೂ ರಟ್ಟಿನ ಹಿಂಬದಿಯನ್ನೂ ಹಗುರಾಗಿ ಗುಡಿಸಬಹುದು. ಪೆನ್ಸಿಲ್ ಬರಹದ ಹತ್ತಿರ ಹೋಗಬೇಡಿ. ಹಿಂಬದಿಗಾಗಿ ಚಿತ್ರವನ್ನು ಬೋರಲು ಹಾಕಬಾರದು, ಒಬ್ಬರು ಓರೆಯಾಗಿ ಹಿಡಿದಿರಲಿ. ಬಣ್ಣದ ಬದಿಯನ್ನು ಮುಟ್ಟುವುದು ಬೇಡ. ಆ ಕಾಲದ ಬಿಳಿಯಲ್ಲಿ ಸೀಸವೂ ಇರಬಹುದು, ಆದ್ದರಿಂದ ಉಜ್ಜುವುದು ನಿಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ.

ಮೂರನೆಯದು ಸಂರಕ್ಷಕರ ಕೈಗೆ ಕೊಡುವುದು. ನಿಮ್ಮ ಚಿತ್ರಕ್ಕೆ ನಾನು ಇದನ್ನೇ ಹೇಳುವುದು, ಚಕ್ಕೆ ಎದ್ದಿರುವುದರಿಂದ. ಮೈಸೂರಿನಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಮೊದಲು ಫೋಟೋ ಕಳಿಸಿ ಸಲಹೆ ಕೇಳಿ. ಯಾರಿಗೇ ಕೊಟ್ಟರೂ ಈಗಿನ ಸ್ಥಿತಿಯನ್ನು ಬರೆದು ಕೊಡುತ್ತಾರೆಯೇ, ಮೂಲೆಯಲ್ಲಿ ಕಡಲೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ ತೋರಿಸುತ್ತಾರೆಯೇ, ಬಳಸುವ ಅಂಟು ಮುಂದೆ ತೆಗೆಯಲು ಬರುವಂಥದ್ದೇ ಎಂದು ಕೇಳಿ. ‘ಹೊಸದರ ಹಾಗೆ ಮಾಡಿಕೊಡುತ್ತೇವೆ’ ಎನ್ನುವವರಿಗೆ ಕೊಡಬೇಡಿ. ಮೊದಲು ಚಕ್ಕೆ ಕೂರಿಸಬೇಕು, ಆಮೇಲೆ ಬೂಷ್ಟು, ಕೊನೆಗೆ ಹೊಗೆ, ಅದೂ ತಳಬಣ್ಣ ತಡೆದುಕೊಳ್ಳುವಷ್ಟು ಮಾತ್ರ. ವಾರ್ನಿಷ್ ಕೇಳಬೇಡಿ. ಇಂಥ ಕರಡುಗಳಿಗೆ ವಾರ್ನಿಷ್ ಹಾಕದೆಯೂ ಬಿಡುತ್ತಾರೆ, ಹಾಕಿದರೆ ಹೀರಿಕೊಂಡ ಜಾಗಗಳು ಕಪ್ಪಾಗುತ್ತವೆ. ಅಪಾಯ ಇಲ್ಲೂ ಇದೆ: ಪ್ರಯಾಣದ ಕುಲುಕಾಟ, ಖರ್ಚು, ಕೆಲವು ತಿಂಗಳ ಕಾಯುವಿಕೆ. ಕೊಡುವ ಮೊದಲು ಕಿಟಕಿಯ ಬೆಳಕಿನಲ್ಲಿ ನೇರ ಒಂದು ಫೋಟೋ, ಪಕ್ಕದಿಂದ ಟಾರ್ಚ್ ಬಿಟ್ಟು ಒಂದು, ಹಿಂಬದಿಯದು ಒಂದು, ಜೊತೆಗೆ ಸ್ಕೇಲ್ ಇಟ್ಟು ತೆಗೆದುಕೊಳ್ಳಿ.

ಈ ಹುತ್ತರಿಗೆ ಇದೆಲ್ಲ ಮುಗಿಯುವುದಿಲ್ಲ. ಆದರೂ ಕುಟುಂಬದವರಿಗೆ ತೋರಿಸಲು ಅಡ್ಡಿಯಿಲ್ಲ. ಮೇಜಿನ ಮೇಲೆ ಮಲಗಿಸಿಯೇ ತೋರಿಸಿ, ಪಕ್ಕದಲ್ಲಿ ದೊಡ್ಡದು ಮಾಡಿಸಿದ ಫೋಟೋ ಇಡಿ, ಮಕ್ಕಳು ಮುಟ್ಟಿ ನೋಡುವುದಾದರೆ ಅದನ್ನು ಮುಟ್ಟಲಿ. ಚಿಕಿತ್ಸೆಯಾಗಿ ಬಂದ ಮೇಲೆ ತೂಗುಹಾಕುವಾಗ ಗಾಜು ಹಾಕಿಸಿ, ಆದರೆ ಗಾಜಿಗೂ ಬಣ್ಣಕ್ಕೂ ನಡುವೆ ಕನಿಷ್ಠ ಕಾಲಿಂಚು ಸಂದು ಬಿಡಲು ಹೇಳಿ. ತಾಗಿದರೆ ಒಂದೇ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಅಂಟುತ್ತದೆ. ಫ್ರೇಮಿನ ಹಿಂದೆ ಕೆಳಮೂಲೆಗಳಲ್ಲಿ ಕಾರ್ಕ್ ತುಂಡು ಅಂಟಿಸಿದರೆ ಗೋಡೆಯಿಂದ ದೂರ ನಿಂತು ಹಿಂದೆ ಗಾಳಿಯಾಡುತ್ತದೆ. ಐನ್‌ಮನೆಯ (ಕುಟುಂಬದ ಮೂಲ ಮನೆಯ) ನೆಲ್ಲಕ್ಕಿಯಲ್ಲೇ, ಅಂದರೆ ನಡುಮನೆಯಲ್ಲೇ, ಹಾಕಬೇಕೆಂದಿದ್ದರೆ ತೂಗುದೀಪದ ಹೊಗೆ ತಲುಪದ ಒಳಗೋಡೆ ಆರಿಸಿ, ಮಳೆ ಬಡಿಯುವ ಪಶ್ಚಿಮದ ಗೋಡೆ ಬೇಡ. ಜೂನ್ ಮೊದಲ ವಾರ ಇಳಿಸಿ ಕಪಾಟಿಗೆ ಸೇರಿಸಿ, ಹೈಗ್ರೋಮೀಟರ್ ಶೇ. 65ರ ಕೆಳಗೆ ಇಳಿದು ನಿಂತ ಮೇಲೆ ಮತ್ತೆ ಹಾಕಿ.